ಮಠದ ಹೆಸರಿನ ಕಂದು ಬಿಯರ್: ರುಚಿ ನೋಡುವ, ಬೆಲೆ ಕಟ್ಟುವ ಬಗೆ

ಲೆಫ್ ಬ್ರೂನ್ ಬಾಟಲಿಯ ಲೇಬಲ್ ಮೇಲೆ ಮಠದ ಗೋಪುರವಿದೆ. ಒಳಗಿರುವ ಬಿಯರ್ ತಯಾರಾಗುವುದು ಆ ಮಠದಿಂದ ದೂರದ ಲೂವೆನ್ ನಗರದಲ್ಲಿ, ಸ್ಟೆಲ್ಲಾ ಆರ್ಟ್ವಾ ತಯಾರಾಗುವ ಭಾರಿ ಕಾರ್ಖಾನೆಯಲ್ಲಿ. ಒಡೆತನ ಜಗತ್ತಿನ ಅತಿ ದೊಡ್ಡ ಬಿಯರ್ ಕಂಪನಿಯಾದ ಎಬಿ ಇನ್‌ಬೆವ್‌ನದು. ಇಷ್ಟು ಗೊತ್ತಾದ ಕೂಡಲೇ ಕುಡಿಯುವವರು ಎರಡು ಗುಂಪಾಗುತ್ತಾರೆ. ಗೋಪುರ ನೋಡಿ ಮೆಚ್ಚಿಬಿಡುವವರು ಕೆಲವರು, ಕಂಪನಿಯ ಹೆಸರು ಕೇಳಿ ಮೂಗು ಮುರಿಯುವವರು ಇನ್ನು ಕೆಲವರು. ಇಬ್ಬರದೂ ಅವಸರದ ತೀರ್ಪು. ಲೋಟದಲ್ಲಿರುವುದನ್ನು ನಿಧಾನವಾಗಿ ಮೂಸಿ, ಕುಡಿದು, ನುಂಗಿದ ಮೇಲೆ ಒಂದು ಗಳಿಗೆ ಸುಮ್ಮನಿದ್ದು ನೋಡಿದರೆ ಈ ಬಿಯರ್ ತನ್ನ ಗುಣವನ್ನೂ ದೋಷವನ್ನೂ ತಾನೇ ಹೇಳುತ್ತದೆ. ಹಾಗೆ ನೋಡುವುದು ಹೇಗೆ ಎಂಬುದಕ್ಕೆ ಈ ಲೇಖನ. ಉದಾಹರಣೆಗೆ ಲೆಫ್ ಬ್ರೂನ್ ಅನ್ನೇ ಇಟ್ಟುಕೊಂಡಿದ್ದೇನೆ. ಬೆಲ್ಜಿಯಂನ ಕಂದು ಆ್ಯಬಿ ಏಲ್‌ಗಳ, ಅಂದರೆ ಮಠದ ಹೆಸರು ಹೊತ್ತ ಬಿಯರ್‌ಗಳ ಪೈಕಿ ಹೊರದೇಶಗಳಲ್ಲಿ ಸುಲಭವಾಗಿ ಕೈಗೆ ಸಿಗುವಂಥದ್ದು ಇದು. ಇದರಲ್ಲಿ ಕಲಿತದ್ದು ಗ್ರಿಂಬರ್ಗನ್, ಅಫ್ಲಿಗೆಮ್‌ನಂಥ ಇತರ ಆ್ಯಬಿ ಏಲ್‌ಗಳಿಗೂ ಹಾಗೇ ಅನ್ವಯಿಸುತ್ತದೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕಂದು ಆ್ಯಬಿ ಏಲ್ ಅನ್ನು ಬಾಯಿಗೆ ಬಂದಾಗಿನ ಸಿಹಿಯಿಂದ ಅಳೆಯಬಾರದು. ಆ ಸಿಹಿ ಎಲ್ಲಿ ಕೊನೆಯಾಗುತ್ತದೆ ಎಂಬುದರಿಂದ ಅಳೆಯಬೇಕು. ಒಳ್ಳೆಯದಾದರೆ ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಮಾಲ್ಟ್ ಎಲ್ಲವೂ ನಾಲಿಗೆಯ ಮೇಲೆ ಹಾದುಹೋಗಿ ಕೊನೆಗೆ ಬಾಯಿ ಒಣಗಿದಂತಾಗಿ ಇನ್ನೊಂದು ಗುಟುಕು ಬೇಕೆನಿಸುತ್ತದೆ. ಸಾಧಾರಣದ್ದಾದರೆ ಸಿಹಿ ತುಟಿಗೆ, ಹಲ್ಲಿಗೆ ಅಂಟಿ ಕೂರುತ್ತದೆ, ಅರ್ಧ ಲೋಟಕ್ಕೇ ಸಾಕೆನಿಸುತ್ತದೆ. ಕಾರ್ಖಾನೆಯ ಆ್ಯಬಿ ಏಲ್‌ಗಳು ಎಡವುವುದು ಹೆಚ್ಚಾಗಿ ಇಲ್ಲೇ.

ಲೇಬಲ್ಲಿನಲ್ಲಿ ಏನಿದೆ, ಏನಿಲ್ಲ

ಲೆಫ್ ಮಠ ಕಟ್ಟುಕತೆಯಲ್ಲ. ಮ್ಯೂಸ್ ನದಿಯ ದಂಡೆಯ ದಿನಾನ್ ಊರಿನಲ್ಲಿ 1152ರಲ್ಲಿ ಅದನ್ನು ಸ್ಥಾಪಿಸಿದವರು ಪ್ರೆಮೋನ್‌ಸ್ಟ್ರಾಟೆನ್ಸಿಯನ್ ಪಂಥದವರು. ಸ್ಯಾಕ್ಸೋಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ ಹುಟ್ಟಿದ್ದೂ ಇದೇ ಊರಿನಲ್ಲಿ. ನೆರೆ, ಯುದ್ಧ, ಫ್ರೆಂಚ್ ಕ್ರಾಂತಿ ಎಲ್ಲಕ್ಕೂ ಸಿಕ್ಕಿ ಮಠ ನಲುಗಿತು, ಬಿಯರ್ ಕೆಲಸವೂ ನಿಂತುಹೋಯಿತು. 20ನೇ ಶತಮಾನದಲ್ಲಿ ಮಠಕ್ಕೆ ಮತ್ತೆ ಜೀವ ಬಂತು. 1952ರಲ್ಲಿ ಮಠಾಧಿಪತಿ ನೀಸ್ ಅವರು ಆಲ್ಬರ್ಟ್ ಲೂಟ್‌ಫೂಟ್ ಎಂಬ ಬಿಯರ್ ತಯಾರಕರೊಂದಿಗೆ ಒಪ್ಪಂದ ಮಾಡಿಕೊಂಡರು: ಹೆಸರು ಮಠದ್ದು, ತಯಾರಿಕೆ ಅವರದು, ಮಾರಾಟದ ಒಂದು ಪಾಲು ಮಠಕ್ಕೆ. ಆ ಕಂಪನಿ ಕೈಯಿಂದ ಕೈಗೆ ಹೋಗಿ ಕೊನೆಗೆ ಇಂದಿನ ದೈತ್ಯ ಕಂಪನಿಯ ಮಡಿಲು ಸೇರಿತು. ಮಠಕ್ಕೆ ಈಗಲೂ ಹಣ ಸಂದಾಯವಾಗುತ್ತದೆ. ಹಾಗಾಗಿ ಲೇಬಲ್ಲಿನ ಗೋಪುರ ಸುಳ್ಳಲ್ಲ. ಆದರೆ ಬಿಯರ್ ಎಲ್ಲಿ, ಯಾರ ಕೈಯಲ್ಲಿ ತಯಾರಾಯಿತು ಎಂಬುದನ್ನು ಅದು ಹೇಳುವುದಿಲ್ಲ.

ಅದನ್ನು ಹೇಳುವ ಗುರುತು ಬೇರೆ ಇದೆ. ಬಾಟಲಿಯ ಮೇಲೆ ಟ್ರಾಪಿಸ್ಟ್ ಎಂಬ ಸನ್ಯಾಸಿ ಪಂಥದ ಆರು ಮೂಲೆಯ ಮುದ್ರೆ ಇದ್ದರೆ ಬಿಯರ್ ಮಠದ ಆವರಣದೊಳಗೇ, ಸನ್ಯಾಸಿಗಳ ಉಸ್ತುವಾರಿಯಲ್ಲಿ ತಯಾರಾಗಿದೆ, ಲಾಭ ಮಠದ ನಿರ್ವಹಣೆಗೂ ದಾನಕ್ಕೂ ಹೋಗುತ್ತದೆ ಎಂದರ್ಥ. ಬೆಲ್ಜಿಯಂನಲ್ಲಿ ವೆಸ್ಟ್‌ಮಾಲೆ, ಶಿಮೇ, ರೋಶ್‌ಫೋರ್, ಓರ್ವಾಲ್, ವೆಸ್ಟ್‌ಫ್ಲೆಟರೆನ್ ಈ ಸಾಲಿನವು. ಉಳಿದವೆಲ್ಲ ‘ಆ್ಯಬಿ ಬಿಯರ್’. ಅವುಗಳಲ್ಲೂ ನಿಜವಾದ ಮಠವೊಂದರ ಜೊತೆ ಒಪ್ಪಂದವಿದ್ದು ಗೌರವಧನ ಕೊಡುವಂಥವನ್ನು ಗುರುತಿಸಲು ಬೆಲ್ಜಿಯಂನ ತಯಾರಕರ ಸಂಘ 1999ರಿಂದ ಒಂದು ಮುದ್ರೆ ಕೊಡುತ್ತಿದೆ. ಯಾವ ಮಠದ ನಂಟೂ ಇಲ್ಲದೆ ಸಂತನೊಬ್ಬನ ಹೆಸರನ್ನಷ್ಟೇ ಹೊತ್ತ ಬಾಟಲಿಗಳೂ ಇವೆ.

ಈ ಮುದ್ರೆಗಳು ಮೂಲವನ್ನು ಹೇಳುತ್ತವೆ, ರುಚಿಯನ್ನಲ್ಲ. ವಾಟೌ ಊರಿನ ಸಿಂಟ್ ಬರ್ನಾರ್ಡಸ್ ಕಂಪನಿಗೆ ಟ್ರಾಪಿಸ್ಟ್ ಮುದ್ರೆ ಇಲ್ಲ, ಅದು ಮಠವೇ ಅಲ್ಲ. ಆದರೂ ಅದರ ಕಂದು ಬಿಯರ್‌ಗಳು ಬಲ್ಲವರ ಮೆಚ್ಚುಗೆ ಪಡೆದಿವೆ. 1946ರಿಂದ 1992ರವರೆಗೆ ವೆಸ್ಟ್‌ಫ್ಲೆಟರೆನ್ ಮಠದ ಪರವಾಗಿ ಬಿಯರ್ ತಯಾರಿಸಿ ಮಾರುತ್ತಿದ್ದುದು ಅದೇ ಕಂಪನಿ. ಗ್ರಿಂಬರ್ಗನ್ ಮಠದ ಕತೆ ಇದಕ್ಕೆ ತಿರುವುಮುರುವು. ದಶಕಗಳ ಕಾಲ ಹೆಸರು ದೊಡ್ಡ ಕಂಪನಿಗಳ ಕೈಯಲ್ಲಿತ್ತು, 2021ರಲ್ಲಿ ಮಠದ ಆವರಣದಲ್ಲೇ ಒಂದು ಸಣ್ಣ ಘಟಕ ಮತ್ತೆ ಶುರುವಾಯಿತು.

ಲೇಬಲ್ಲಿನ ಹಿಂಭಾಗ ಮುಂಭಾಗಕ್ಕಿಂತ ಹೆಚ್ಚು ಮಾತಾಡುತ್ತದೆ. ಸಾಮಗ್ರಿಗಳ ಪಟ್ಟಿ ಓದಿ. ಬಾರ್ಲಿ ಮಾಲ್ಟ್ ಜೊತೆಗೆ ಮೆಕ್ಕೆಜೋಳ ಕಂಡರೆ ಅದು ಖರ್ಚು ಇಳಿಸಿ ಬಿಯರನ್ನು ಹಗುರಾಗಿಸುವ ದೊಡ್ಡ ಕಂಪನಿಗಳ ಸಾಮಾನ್ಯ ಪದ್ಧತಿ. ಸಕ್ಕರೆ ಕಂಡರೆ ಗಾಬರಿ ಬೇಡ, ಈ ಶೈಲಿಗೆ ಅದು ಬೇಕೇ ಬೇಕು. ಕಾರಣ ಮುಂದೆ ಬರುತ್ತದೆ. ‘ಬಾಟಲಿಯಲ್ಲಿ ಮತ್ತೆ ಹುದುಗಿಸಿದ್ದು’ ಎಂದು ಬರೆದಿದೆಯೇ ನೋಡಿ. ಕೊನೆಗೆ, ಎಲ್ಲಕ್ಕಿಂತ ಮುಖ್ಯವಾಗಿ, ದಿನಾಂಕ ನೋಡಿ.

ಬಣ್ಣ ಎಲ್ಲಿಂದ, ಹಣ್ಣಿನ ವಾಸನೆ ಎಲ್ಲಿಂದ

ಈ ಬಿಯರ್‌ಗಳ ಮೂಲ ಮಾದರಿ ವೆಸ್ಟ್‌ಮಾಲೆ ಮಠದ ಡುಬ್ಬೆಲ್, ಶೈಲಿಯ ಹೆಸರೂ ಅದೇ. ಆಂಟ್ವೆರ್ಪ್ ಸೀಮೆಯ ಆ ಮಠದವರು 1856ರಲ್ಲೇ ಕಂದು ಬಿಯರ್ ತಯಾರಿಸುತ್ತಿದ್ದರು. 1926ರಲ್ಲಿ ಅದನ್ನು ತಿದ್ದಿ, ಗಟ್ಟಿ ಮಾಡಿ ಇಂದಿನ ರೂಪಕ್ಕೆ ತಂದರು. 1919ರಲ್ಲಿ ಬೆಲ್ಜಿಯಂ ಸರ್ಕಾರ ಕೆಫೆಗಳಲ್ಲಿ ಜಿನ್‌ನಂಥ ಮದ್ಯದ ಮಾರಾಟವನ್ನು ನಿಷೇಧಿಸಿದ್ದರಿಂದ ಕಡಕ್ ಬಿಯರ್‌ಗೆ ಆಗ ಒಳ್ಳೆಯ ಗಿರಾಕಿ ಇತ್ತು. ವೆಸ್ಟ್‌ಮಾಲೆ ಡುಬ್ಬೆಲ್‌ನಲ್ಲಿ ಆಲ್ಕೋಹಾಲ್ ಶೇ 7, ಲೆಫ್ ಬ್ರೂನ್‌ನಲ್ಲಿ ಶೇ 6.5. ನಮ್ಮಲ್ಲಿ ‘ಸ್ಟ್ರಾಂಗ್’ ಎಂದು ಮಾರುವ ಬಿಯರಿಗೂ ಇದಕ್ಕೂ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ರುಚಿಯಲ್ಲಿ ಮಾತ್ರ ಅಜಗಜಾಂತರ.

ಕಂದು ಬಣ್ಣ ಕಂಡು ಹಲವರು ಇದನ್ನು ಸ್ಟೌಟ್‌ನಂಥ ಹುರಿದ ಕಾಳಿನ ಬಿಯರ್ ಎಂದುಕೊಳ್ಳುತ್ತಾರೆ. ಹಾಗಲ್ಲ. ಕಪ್ಪಗೆ ಹುರಿದ ಮಾಲ್ಟ್‌ಗೆ ಇಲ್ಲಿ ಕೆಲಸ ಕಡಿಮೆ. ಡುಬ್ಬೆಲ್‌ನ ಬಣ್ಣ ಮುಖ್ಯವಾಗಿ ಬರುವುದು ಬೀಟ್ ಸಕ್ಕರೆಯನ್ನು ಕಾಯಿಸಿ ಕಪ್ಪಾಗಿಸಿದ ಪಾಕದಿಂದ, ಜೊತೆಗೆ ಸಿಹಿಯಾಗಿ ಹುರಿದ ಕೆಲವು ಮಾಲ್ಟ್‌ಗಳಿಂದ. ‘ಸ್ಪೆಷಲ್ ಬಿ’ ಎಂಬ ಬೆಲ್ಜಿಯಂನ ಮಾಲ್ಟ್ ಒಂದು ಹಿಡಿ ಬಿದ್ದರೂ ಒಣದ್ರಾಕ್ಷಿಯ ವಾಸನೆ ಎದ್ದು ಬರುತ್ತದೆ. ಕಾಫಿಯ ಕಹಿ, ಸುಟ್ಟ ಕಾಳಿನ ಒಗರು ಬಲವಾಗಿ ಬಂದರೆ ಅದು ಡುಬ್ಬೆಲ್‌ನ ಜಾಡು ಬಿಟ್ಟಿದೆ ಎಂದೇ ಲೆಕ್ಕ.

ಈಗ ಸಕ್ಕರೆಯ ವಿಚಾರ. ಸಕ್ಕರೆ ಹಾಕಿದ್ದರಿಂದ ಬಿಯರ್ ಸಿಹಿಯಾಗುತ್ತದೆ ಎಂಬುದು ಸಹಜವಾದ ಎಣಿಕೆ. ನಡೆಯುವುದು ಅದಕ್ಕೆ ವಿರುದ್ಧ. ಮಾಲ್ಟಿನ ಸಕ್ಕರೆಗಳಲ್ಲಿ ಒಂದಷ್ಟನ್ನು ಯೀಸ್ಟ್ ತಿನ್ನಲಾರದು, ಅವು ಬಿಯರಿನಲ್ಲೇ ಉಳಿದು ಮೈ ತುಂಬುತ್ತವೆ. ಬೀಟ್ ಸಕ್ಕರೆಯನ್ನಾದರೆ ಯೀಸ್ಟ್ ಹೆಚ್ಚೂಕಡಿಮೆ ಪೂರ್ತಿ ತಿಂದು ಆಲ್ಕೋಹಾಲ್ ಮಾಡಿಬಿಡುತ್ತದೆ. ಹೀಗಾಗಿ ಶಕ್ತಿ ಏರುತ್ತದೆ, ಮೈ ಹಗುರಾಗುತ್ತದೆ, ಕೊನೆ ಒಣಗುತ್ತದೆ. ಬೆಲ್ಜಿಯಂನವರು ಶೇ 7ರ ಬಿಯರನ್ನೂ ಊಟದ ಜೊತೆ ಸಲೀಸಾಗಿ ಕುಡಿಯುವಂತೆ ಮಾಡಿದ್ದು ಇದೇ ಉಪಾಯದಿಂದ. ಆದ್ದರಿಂದ ಡುಬ್ಬೆಲ್ ಒಂದು ಅಂಟಂಟು ಸಿಹಿಯಾಗಿದ್ದರೆ ಸಕ್ಕರೆಯನ್ನು ದೂರುವುದಲ್ಲ. ಹುದುಗುವಿಕೆ ಪೂರ್ತಿಯಾಗಿಲ್ಲ, ಇಲ್ಲವೇ ಜನ ಮೆಚ್ಚಲಿ ಎಂದು ತಯಾರಕರೇ ಬೇಕೆಂದು ಸಿಹಿ ಉಳಿಸಿದ್ದಾರೆ ಎಂದು ತಿಳಿಯಬೇಕು.

ಇನ್ನು ವಾಸನೆ. ಲವಂಗದ ಘಾಟು, ಬಾಳೆಹಣ್ಣಿನ ಕಂಪು, ಪೇರಳೆಯ ಛಾಯೆ, ಇವ್ಯಾವುವೂ ಮೇಲಿಂದ ಹಾಕಿದವಲ್ಲ. ಎಲ್ಲ ಯೀಸ್ಟಿನದೇ ಕೆಲಸ. ಬೆಲ್ಜಿಯಂನ ಯೀಸ್ಟ್‌ಗಳು ಬೆಚ್ಚಗಿನ ತಾಪಮಾನದಲ್ಲಿ ಹುದುಗುವಾಗ ಎಸ್ಟರ್‌ಗಳನ್ನೂ ಫೀನಾಲ್‌ಗಳನ್ನೂ ಹುಟ್ಟಿಸುತ್ತವೆ. ಬಾಳೆಹಣ್ಣಿನದು ಐಸೋಅಮೈಲ್ ಅಸಿಟೇಟ್, ಲವಂಗದ್ದು 4-ವಿನೈಲ್ ಗ್ವಾಯಕಾಲ್. ಕಾರ್ಖಾನೆಯ ಬಿಯರಿನಲ್ಲಿ ಈ ವಾಸನೆಗಳು ಸೌಮ್ಯವಾಗಿರುವುದಕ್ಕೆ ಒಂದು ಸರಳ ಕಾರಣವಿದೆ. ಹತ್ತಾರು ಅಡಿ ಎತ್ತರದ ಟ್ಯಾಂಕಿನ ತಳದಲ್ಲಿ ದ್ರವದ ಭಾರ ಹೆಚ್ಚು, ಕರಗಿ ಉಳಿಯುವ ಇಂಗಾಲದ ಡೈಆಕ್ಸೈಡ್ ಕೂಡ ಹೆಚ್ಚು. ಈ ಒತ್ತಡದಲ್ಲಿ ಯೀಸ್ಟ್ ಎಸ್ಟರ್‌ಗಳನ್ನು ಕಡಿಮೆ ಬಿಡುತ್ತದೆ. ತಗ್ಗಾದ ತೊಟ್ಟಿಯಲ್ಲಿ ಅದೇ ಯೀಸ್ಟ್ ಹೆಚ್ಚು ಘಮಘಮಿಸುತ್ತದೆ. ದೊಡ್ಡ ಕಂಪನಿಯ ಆ್ಯಬಿ ಏಲ್ ಸಪ್ಪೆಯೆನಿಸಿದರೆ ತಯಾರಿಕೆಯಲ್ಲಿ ಕಳಪೆತನವಿದೆ ಎಂದೇನೂ ಅಲ್ಲ, ಪಾತ್ರೆಯ ಆಕಾರವೇ ಅದಕ್ಕೆ ಒಂದು ಕಾರಣವಿರಬಹುದು.

ಲೋಟ, ತಂಪು, ಸುರಿಯುವ ಕ್ರಮ

ಇಲ್ಲಿ ಮಾಡುವ ಸಣ್ಣ ಅಲಕ್ಷ್ಯ ಇಡೀ ಪರೀಕ್ಷೆಯನ್ನು ಕೆಡಿಸುತ್ತದೆ. ಫ್ರಿಜ್ಜಿನಿಂದ ತೆಗೆದು ನೇರ ಬಾಟಲಿಯಲ್ಲೇ ಕುಡಿದರೆ ಸಿಗುವುದು ತಂಪು, ಗ್ಯಾಸು ಮತ್ತು ಒಂದಿಷ್ಟು ಸಿಹಿ. 4 ಡಿಗ್ರಿಯಲ್ಲಿ ವಾಸನೆಯ ಅಣುಗಳು ಅಷ್ಟಾಗಿ ಮೇಲೇಳುವುದಿಲ್ಲ. ಕಂದು ಆ್ಯಬಿ ಏಲ್‌ಗೆ 8ರಿಂದ 12 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ. ಬೆಲ್ಜಿಯಂನ ಚಳಿಗಾಲದ ಕೋಣೆಯಲ್ಲಿ ಬಾಟಲಿಯನ್ನು ಹೊರಗಿಟ್ಟು ಅರ್ಧ ಗಂಟೆ ಕಾಯಬೇಕಾದೀತು, ಬೆಂಗಳೂರಿನ ಬೇಸಿಗೆಯಲ್ಲಿ ಅದರ ಅರ್ಧವೂ ಬೇಡ. ಅಡುಗೆಮನೆಯ ಥರ್ಮಾಮೀಟರ್ ಇದ್ದರೆ ಲೋಟದಲ್ಲೇ ಅಳೆಯಿರಿ. ತುಸು ಹೆಚ್ಚು ತಂಪಿನಲ್ಲೇ ಶುರು ಮಾಡುವುದು ಜಾಣತನ, ಲೋಟ ಬೆಚ್ಚಗಾಗುತ್ತ ಹೋದಂತೆ ಬಿಯರ್ ಬದಲಾಗುವುದನ್ನು ಗಮನಿಸಬಹುದು. ಆ ಬದಲಾವಣೆಯೇ ಅರ್ಧ ಪರೀಕ್ಷೆ.

ಲೋಟ ಅಗಲ ಬಾಯಿಯದಿರಲಿ, ಕಾಲಿರುವ ಗೋಬ್ಲೆಟ್ ಆದರೆ ಉತ್ತಮ. ಇಲ್ಲದಿದ್ದರೆ ರೆಡ್ ವೈನ್ ಲೋಟ ಧಾರಾಳವಾಗಿ ಸಾಕು. ಜಿಡ್ಡು, ಸೋಪಿನ ಪೊರೆ ಇದ್ದರೆ ನೊರೆ ನಿಲ್ಲುವುದಿಲ್ಲ. ಬೆಲ್ಜಿಯಂನ ಕೆಫೆಗಳಲ್ಲಿ ಸುರಿಯುವ ಮುಂಚೆ ಲೋಟವನ್ನು ತಣ್ಣೀರಿನಲ್ಲಿ ಜಾಲಿಸಿ, ಒರೆಸದೆ ಹಾಗೇ ಬಳಸುತ್ತಾರೆ. ಮನೆಯಲ್ಲೂ ಹಾಗೇ ಮಾಡಿ. ಒದ್ದೆ ಲೋಟದಲ್ಲಿ ನೊರೆ ಒಮ್ಮೆಲೇ ಉಕ್ಕದೆ ಹಿಡಿತಕ್ಕೆ ಸಿಗುತ್ತದೆ.

ಲೋಟವನ್ನು ಓರೆ ಹಿಡಿದು ಮುಕ್ಕಾಲು ಭಾಗ ಸುರಿದು, ಆಮೇಲೆ ನೆಟ್ಟಗೆ ಮಾಡಿ ಉಳಿದದ್ದನ್ನು ನಡುಮಧ್ಯಕ್ಕೆ ಬಿಡಿ. ಎರಡು ಬೆರಳಿನಷ್ಟು ನೊರೆ ಇರಲಿ. ನೊರೆಯನ್ನು ವ್ಯರ್ಥವೆಂದು ಬಗೆಯುವ ಅಭ್ಯಾಸ ನಮ್ಮ ಕಡೆಯ ಬಾರುಗಳಲ್ಲಿದೆ. ಆ್ಯಬಿ ಏಲ್‌ನಲ್ಲಿ ಅದೇ ವಾಸನೆಯ ಗಣಿ. ಬಾಟಲಿಯಲ್ಲಿ ಹುದುಗಿದ ಬಿಯರ್ ಆದರೆ ತಳದಲ್ಲಿ ಯೀಸ್ಟ್ ಕೂತಿರುತ್ತದೆ, ಕೊನೆಯ ಒಂದು ಸೆಂಟಿಮೀಟರ್ ಬಾಟಲಿಯಲ್ಲೇ ಬಿಡಿ. ಲೆಫ್ ಬ್ರೂನ್ ಸೋಸಿದ ಬಿಯರ್, ಪೂರ್ತಿ ಬಗ್ಗಿಸಬಹುದು.

ಖಾರದ ಕಡಲೆಬೀಜ, ಚಕ್ಕುಲಿ, ಮಸಾಲೆ ಪಾಪಡ್ ಯಾವುದೂ ರುಚಿ ನೋಡುವಾಗ ಹತ್ತಿರ ಇರಬಾರದು. ಮೆಣಸಿನ ಉರಿ ಇರುವ ನಾಲಿಗೆಗೆ ಆಲ್ಕೋಹಾಲ್ ಇನ್ನಷ್ಟು ಉರಿ ಕೊಡುತ್ತದೆ, ಸೂಕ್ಷ್ಮವೆಲ್ಲ ಮುಚ್ಚಿಹೋಗುತ್ತದೆ. ಸಪ್ಪೆ ಬ್ರೆಡ್ಡು, ನೀರು ಇಷ್ಟೇ ಸಾಕು. ಒಗ್ಗರಣೆ ಹಾಕಿದ ಅಡುಗೆಮನೆಯಲ್ಲೂ ಕೂರಬೇಡಿ.

ಮೂಗು ಮೊದಲು

ಸುರಿದ ತಕ್ಷಣ ಕುಡಿಯಬೇಡಿ. ಮೊದಲ ಅರ್ಧ ನಿಮಿಷದ ವಾಸನೆ ಮತ್ತೆ ಬರುವುದಿಲ್ಲ. ಲೋಟವನ್ನು ಮೂಗಿನ ಕೆಳಗೆ ಹಿಡಿದು ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಎಳೆದುಕೊಳ್ಳಿ. ಆಮೇಲೆ ಮೆಲ್ಲಗೆ ತಿರುಗಿಸಿ ಮತ್ತೊಮ್ಮೆ. ಮೂಗು ಬೇಗ ದಣಿಯುತ್ತದೆ, ಆಗ ನಿಮ್ಮದೇ ಅಂಗೈ ಹಿಂಭಾಗವನ್ನು ಮೂಸಿದರೆ ಮತ್ತೆ ಚುರುಕಾಗುತ್ತದೆ.

ಏನು ಸಿಕ್ಕಿತೋ ಅದನ್ನು ನಿಮಗೆ ಪರಿಚಯವಿರುವ ಪದಾರ್ಥದ ಹೆಸರಿನಲ್ಲೇ ಬರೆದಿಡಿ. ಇಂಗ್ಲಿಷ್ ಪುಸ್ತಕಗಳು ಹೇಳುವ ಒಣ ಪ್ಲಮ್ ಅನ್ನು ತಿಂದೇ ಇಲ್ಲದವರು ಆ ಹೆಸರು ಬರೆದರೆ ಪ್ರಯೋಜನವಿಲ್ಲ. ಖರ್ಜೂರ, ಅಂಜೂರ, ಒಣದ್ರಾಕ್ಷಿ, ಜೋನಿಬೆಲ್ಲ, ಬ್ರೆಡ್ಡಿನ ಸುಟ್ಟ ಅಂಚು, ಲವಂಗ, ಕಾಳುಮೆಣಸು, ಕಳಿತ ಬಾಳೆಹಣ್ಣು, ಡುಬ್ಬೆಲ್‌ನಲ್ಲಿ ಹುಡುಕಬೇಕಾದ್ದಕ್ಕೆಲ್ಲ ನಮ್ಮ ಅಡುಗೆಮನೆಯಲ್ಲೇ ಹೆಸರುಗಳಿವೆ. ಗುರುತು ಸಾಲದು ಅನಿಸಿದರೆ ನಿಜವಾದ ಖರ್ಜೂರ, ಒಣದ್ರಾಕ್ಷಿ, ಒಂದು ಲವಂಗವನ್ನು ಬೇರೆ ಬೇರೆ ಬಟ್ಟಲಲ್ಲಿಟ್ಟುಕೊಂಡು ಬಿಯರನ್ನೂ ಅವನ್ನೂ ಒಂದಾದ ಮೇಲೊಂದು ಮೂಸಿ ನೋಡಿ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕಣ್ಣಿನ ಕೆಲಸ ಬೇಗ ಮುಗಿಯುತ್ತದೆ. ಲೋಟವನ್ನು ಬೆಳಕಿಗೆ ಎತ್ತಿ ಹಿಡಿಯಿರಿ. ಮೇಜಿನ ಮೇಲೆ ಕಪ್ಪಗೆ ಕಂಡದ್ದು ದೀಪದ ಎದುರು ತಾಮ್ರಗೆಂಪಾಗಬೇಕು. ನೊರೆ ತೆಳು ಕಂದಾಗಿ, ದಟ್ಟವಾಗಿ ನಿಂತು, ಕುಡಿಯುತ್ತ ಹೋದಂತೆ ಲೋಟದ ಒಳಗೋಡೆಯ ಮೇಲೆ ಬಳೆಬಳೆಯಾಗಿ ಅಂಟಿಕೊಳ್ಳಬೇಕು.

ನಂತರ ಗುಟುಕು. ಬಾಯಿ ತುಂಬ ಒಂದು ಗುಟುಕು ತೆಗೆದು ನಾಲಿಗೆಯ ಸುತ್ತ ಒಮ್ಮೆ ಹೊರಳಿಸಿ ನುಂಗಿ. ವೈನ್‌ನವರ ಹಾಗೆ ಉಗುಳಬೇಡಿ. ಬಿಯರಿನ ಕಹಿ ಗಂಟಲ ಹತ್ತಿರ ಪೂರ್ತಿ ತಿಳಿಯುತ್ತದೆ, ನುಂಗದೆ ಕೊನೆಯ ರುಚಿ ಸಿಗದು. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಆಗ ಹಣ್ಣು, ಮಸಾಲೆ ಮತ್ತೊಮ್ಮೆ ಬರುತ್ತವೆ. ಈಗ ಹತ್ತಕ್ಕೆ ಎಣಿಸಿ. ಎಣಿಕೆ ಮುಗಿಯುವಾಗ ಬಾಯಲ್ಲಿ ಏನು ಉಳಿದಿದೆ? ಮಾಲ್ಟಿನ ನೆನಪು, ತುಸು ಕಹಿ, ಮೆಲ್ಲನೆಯ ಬಿಸಿ ಉಳಿದಿದ್ದರೆ ಒಳ್ಳೆಯದು. ತುಟಿ ಒಂದಕ್ಕೊಂದು ಅಂಟುವಂತಿದ್ದರೆ ಅಂಕ ಕಳೆಯಿರಿ. ಆಲ್ಕೋಹಾಲ್ ಗಂಟಲಲ್ಲಿ ಉರಿದರೂ ಅಷ್ಟೇ. ಶೇ 6.5ರ ಬಿಯರ್ ಉರಿಯಕೂಡದು, ಉರಿದರೆ ಹುದುಗುವಾಗ ಕಾವು ಕೈಮೀರಿದೆ.

ಅರ್ಧ ಲೋಟ ಮುಗಿದ ಮೇಲೆ ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಹಿಡಿಯಿರಿ. ಕಾರ್ಖಾನೆಯ ಆ್ಯಬಿ ಏಲ್‌ನ ನಿಜ ಬಣ್ಣ ಬಯಲಾಗುವುದು ಈ ಎರಡನೆಯ ಅರ್ಧದಲ್ಲಿ. ಗ್ಯಾಸು ಇಳಿದಿದೆ, ತಂಪು ಹೋಗಿದೆ, ಅವೆರಡೂ ಮರೆಮಾಡಿದ್ದ ಸಿಹಿ ಈಗ ಒಂಟಿಯಾಗಿ ಎದುರಿಗಿದೆ. ಈ ಹೊತ್ತಿನಲ್ಲೂ ಕುಡಿಯಲು ಹಿತವಾಗಿದ್ದರೆ ಆ ಬಿಯರನ್ನು ಯಾರು ತಯಾರಿಸಿದ್ದರೂ ನಾನು ಗೌರವಿಸುತ್ತೇನೆ.

ಕೆಟ್ಟ ಬಾಟಲಿಯೋ, ಕೆಟ್ಟ ಬಿಯರೋ

ಬಿಯರನ್ನು ಬೈಯುವ ಮುನ್ನ ಬಾಟಲಿಗೆ ಏನಾಗಿದೆ ಎಂದು ವಿಚಾರಿಸಬೇಕು. ಹಡಗಿನಲ್ಲಿ ತಿಂಗಳುಗಟ್ಟಲೆ ಪಯಣಿಸಿ, ಬಿಸಿ ಗೋದಾಮಿನಲ್ಲಿ ಕೂತು, ಟ್ಯೂಬ್‌ಲೈಟಿನ ಕೆಳಗೆ ಒಣಗಿದ ಬಾಟಲಿಯಿಂದ ತಯಾರಕರ ಬಗ್ಗೆ ತೀರ್ಪು ಕೊಡುವುದು ಅನ್ಯಾಯ.

ಹೆಚ್ಚು ಸಿಗುವ ದೋಷ ಹಳಸಿದ ವಾಸನೆ. ಒದ್ದೆ ರಟ್ಟು, ಹಳೆಯ ಕಾಗದದಂಥ ವಾಸನೆ ಬಂದರೆ ಆಮ್ಲಜನಕ ತನ್ನ ಕೆಲಸ ಮಾಡಿದೆ. ಆ ವಾಸನೆಗೆ ಕಾರಣವಾದ ವಸ್ತು ಟ್ರಾನ್ಸ್-2-ನೋನೆನಾಲ್. ಕಂದು ಬಿಯರಿನಲ್ಲಿ ಇದನ್ನು ಹಿಡಿಯುವುದು ಸ್ವಲ್ಪ ಕಷ್ಟ, ಏಕೆಂದರೆ ಹಳೆಯದಾಗುತ್ತ ಶೆರಿ ವೈನ್, ಜೇನಿನಂಥ ವಾಸನೆಯೂ ಜೊತೆಗೆ ಬರುತ್ತದೆ, ಮೊದಲಿಗೆ ಅದು ಹಿತವಾಗಿಯೇ ಇರುತ್ತದೆ. ಒಣದ್ರಾಕ್ಷಿ ಇದ್ದ ಕಡೆ ಶೆರಿ ಬಂದಿದೆಯೆಂದರೆ ವಯಸ್ಸಾಗಿದೆ, ರಟ್ಟು ಬಂದಿದೆಯೆಂದರೆ ಹಾಳಾಗಿದೆ. ಬಾಟಲಿಯಲ್ಲಿ ಜೀವಂತ ಯೀಸ್ಟ್ ಇರುವ ಬಿಯರ್ ಇದನ್ನು ಹೆಚ್ಚು ಕಾಲ ತಡೆದುಕೊಳ್ಳುತ್ತದೆ, ಒಳಗೆ ಉಳಿದ ಆಮ್ಲಜನಕವನ್ನು ಯೀಸ್ಟ್ ಹೀರಿಕೊಳ್ಳುವುದೇ ಅದಕ್ಕೆ ಕಾರಣ. ಸೋಸಿದ ಬಿಯರಿಗೆ ಆ ಕಾವಲಿಲ್ಲ. ವೆಸ್ಟ್‌ಮಾಲೆಯನ್ನು ಕಪಾಟಿನಲ್ಲಿಟ್ಟು ಒಂದೆರಡು ವರ್ಷ ಕಾಯುವವರಿದ್ದಾರೆ. ಲೆಫ್ ಬ್ರೂನ್ ಅನ್ನು ಹಾಗೆ ಇಡಬೇಡಿ, ತಂದ ಹೊಸತರಲ್ಲೇ ಕುಡಿಯಿರಿ.

ಬಿಸಿಲು ತಾಗಿದ ಬಿಯರಿನಲ್ಲಿ ಸುಟ್ಟ ರಬ್ಬರಿನಂಥ ಕಮಟು ವಾಸನೆ ಇರುತ್ತದೆ. ಬೆಳಕು ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶವನ್ನು ಒಡೆದು ಗಂಧಕದ ಸಂಯುಕ್ತವೊಂದನ್ನು ಹುಟ್ಟಿಸುವುದರಿಂದ ಹೀಗಾಗುತ್ತದೆ. ಕಂದು ಬಾಟಲಿ ಇದನ್ನು ಬಹುಪಾಲು ತಡೆಯುತ್ತದೆ, ಆದರೆ ಬಿಸಿಲಿನಲ್ಲಿಟ್ಟ ಲೋಟವನ್ನು ಯಾರು ತಡೆಯಬೇಕು? ಟೆರೇಸಿನಲ್ಲಿ ಕೂತಿದ್ದರೆ ಲೋಟ ನೆರಳಿನಲ್ಲಿರಲಿ.

ಬೆಣ್ಣೆಯ ಜಿಡ್ಡು ವಾಸನೆ ಡೈಅಸಿಟೈಲ್‌ನದು, ಬೇಯಿಸಿದ ಮೆಕ್ಕೆಜೋಳದ್ದು ಡೈಮಿಥೈಲ್ ಸಲ್ಫೈಡ್‌ನದು, ನೇಲ್ ಪಾಲಿಶ್ ರಿಮೂವರಿನದು ಅತಿಯಾದ ಈಥೈಲ್ ಅಸಿಟೇಟ್‌ನದು. ದೊಡ್ಡ ಕಾರ್ಖಾನೆಯ ಬಿಯರಿನಲ್ಲಿ ಇವು ಸಿಗುವುದು ಅಪರೂಪ. ಈ ವಿಷಯದಲ್ಲಿ ದೊಡ್ಡ ಕಂಪನಿಗಳಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಪ್ರಯೋಗಾಲಯ, ಯೀಸ್ಟಿನ ಶುದ್ಧಿ, ರುಚಿ ನೋಡುವ ತಂಡ ಎಲ್ಲ ಇಟ್ಟುಕೊಂಡು, ಈ ವರ್ಷ ಕೊಂಡ ಬಾಟಲಿ ಹೋದ ವರ್ಷದ್ದರ ಹಾಗೇ ಇರುವಂತೆ ನೋಡಿಕೊಳ್ಳುವುದು ಸುಲಭದ ಕೆಲಸವಲ್ಲ. ದುಬಾರಿ ಬೆಲೆಯ ಸಣ್ಣ ತಯಾರಕರ ಡುಬ್ಬೆಲ್‌ನಲ್ಲಿ ಇಂಥ ದೋಷ ಕಂಡಾಗ ‘ಕೈಕೆಲಸ’ ಎಂದು ಮನ್ನಿಸಬೇಕಾಗಿಲ್ಲ.

ಅಂಕ ಕೊಡುವುದು

ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿ ಮನೆಬಳಕೆಗೂ ಅನುಕೂಲ. ಒಟ್ಟು 50 ಅಂಕ: ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಯ ಅನುಭವಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ಮೂವತ್ತು ದಾಟಿದರೆ ಬಲು ಚೆನ್ನ, 38 ದಾಟಿದರೆ ಅತ್ಯುತ್ತಮ, 45 ಮೇಲ್ಪಟ್ಟದ್ದು ಅಸಾಧಾರಣ. ಡುಬ್ಬೆಲ್‌ಗೆ ಅದು ಗೊತ್ತುಮಾಡಿದ ಮಿತಿ ಆಲ್ಕೋಹಾಲ್ ಶೇ 6ರಿಂದ 7.6, ಕಹಿ 15ರಿಂದ 25 ಐಬಿಯು (ಬಿಯರಿನ ಕಹಿಯ ಅಳತೆಮಾನ). ಬೆಲ್ಜಿಯಂನವರು ಈ ಪುಸ್ತಕ ನೋಡಿಕೊಂಡು ಬಿಯರ್ ಮಾಡುವುದಿಲ್ಲ. ಆದರೂ ನೋಟಕ್ಕೆ ಮೂರೇ ಅಂಕ, ರುಚಿಗೆ ಇಪ್ಪತ್ತು ಎಂಬ ಹಂಚಿಕೆ ನಮ್ಮ ಮನಸ್ಸನ್ನು ಹದ್ದುಬಸ್ತಿನಲ್ಲಿಡುತ್ತದೆ.

ಲೆಫ್ ಬ್ರೂನ್‌ಗೆ ನಾನು ಕೊಡುವ ಅಂಕ ಹೀಗಿದೆ. ನೋಟಕ್ಕೆ ಮೂರಕ್ಕೆ ಮೂರು: ತಿಳಿಯಾದ ಗಾಢ ಕಂದು, ಅಂಚಿನಲ್ಲಿ ಕೆಂಪು, ಗಟ್ಟಿ ನೊರೆ. ವಾಸನೆಗೆ 8. ಕಾಯಿಸಿದ ಸಕ್ಕರೆ, ಒಣದ್ರಾಕ್ಷಿ, ಹಿಂದೆ ಸಣ್ಣಗೆ ಲವಂಗ, ಎಲ್ಲವೂ ಅಚ್ಚುಕಟ್ಟು. ಆದರೆ ಯೀಸ್ಟಿನ ಕಂಪು ಇನ್ನೂ ಬೇಕಿತ್ತು, ಎರಡನೆಯ ಸಲ ಮೂಸಿದಾಗ ಹೊಸದೇನೂ ಸಿಗುವುದಿಲ್ಲ. ರುಚಿಗೆ 12. ಮೊದಲ ಗುಟುಕಿನಲ್ಲಿ ಸುಟ್ಟ ಬ್ರೆಡ್ಡು, ಕ್ಯಾರಮೆಲ್, ಚಿಟಿಕೆ ಕಾಫಿ ಚೆನ್ನಾಗಿ ಕೂಡುತ್ತವೆ. ಕೊನೆಯಲ್ಲಿ ಸಿಹಿ ಇಳಿಯಬೇಕಾದಲ್ಲಿ ಇಳಿಯದೆ ನಿಲ್ಲುತ್ತದೆ, ಕಹಿ ಅದನ್ನು ಕತ್ತರಿಸುವಷ್ಟಿಲ್ಲ. ಬಾಯಿಯ ಅನುಭವಕ್ಕೆ 3, ಒಟ್ಟಾರೆಗೆ 6. ಅಲ್ಲಿಗೆ 32. ಇದು ಕಳಪೆ ಅಂಕವಲ್ಲ. ಊಟದ ಜೊತೆಗೆ, ಅದರಲ್ಲೂ ಬೆಲ್ಜಿಯಂನವರು ಕಂದು ಬಿಯರಿನಲ್ಲೇ ನಿಧಾನವಾಗಿ ಬೇಯಿಸುವ ಗೋಮಾಂಸದ ಸ್ಟೂ ಜೊತೆಗೆ, ಆ ಉಳಿದ ಸಿಹಿಯೂ ಸಲ್ಲುತ್ತದೆ. ಮಾಂಸ ತಿನ್ನದವರು ಹಳೆಯದಾಗಿಸಿದ ಗಟ್ಟಿ ಚೀಸ್ ಜೊತೆ ನೋಡಿ, ಚೀಸಿನ ಉಪ್ಪು ಸಿಹಿಯನ್ನು ಸರಿದೂಗಿಸುತ್ತದೆ.

ಒಂದೇ ಬಿಯರನ್ನು ಒಂಟಿಯಾಗಿ ಕುಡಿದರೆ ಅಂಕ ಏರುಪೇರಾಗುತ್ತದೆ. ಪಕ್ಕದಲ್ಲಿ ಅದೇ ಶೈಲಿಯ ಇನ್ನೊಂದು ಇರಬೇಕು. ಲೆಫ್ ಪಕ್ಕ ವೆಸ್ಟ್‌ಮಾಲೆ ಡುಬ್ಬೆಲ್ ಇಟ್ಟರೆ ‘ಒಣ ಕೊನೆ’ ಎಂದು ನಾನು ಇಷ್ಟು ಹೊತ್ತು ಹೇಳಿದ್ದು ಒಂದೇ ಗುಟುಕಿಗೆ ಅರ್ಥವಾಗುತ್ತದೆ. ಹೆಸರಿನ ಮೋಹ ಕಳೆಯಲು ಮೂರು ಲೋಟದ ಪರೀಕ್ಷೆ ಮಾಡಿ. ಒಬ್ಬರು ಮರೆಯಲ್ಲಿ ನಿಂತು ಎರಡು ಲೋಟಕ್ಕೆ ಒಂದು ಬಿಯರ್, ಮೂರನೆಯದಕ್ಕೆ ಇನ್ನೊಂದು ಸುರಿದು, ಕ್ರಮ ಅದಲುಬದಲು ಮಾಡಿ ತಂದಿಡಲಿ. ಮೂರಕ್ಕೂ ಒಂದೇ ತಂಪು, ಒಂದೇ ಬಗೆಯ ಲೋಟ. ಸೋಸಿದ್ದು, ಸೋಸದಿದ್ದುದು ಕಣ್ಣಿಗೇ ತಿಳಿಯುವುದರಿಂದ ಕೋಣೆಯ ಬೆಳಕು ಮಂದ ಮಾಡಿ. ಬೇರೆಯದು ಯಾವುದೆಂದು ಹೇಳಬೇಕು, ಅಷ್ಟೇ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ, ಹಾಗಾಗಿ ಒಂದೇ ಸುತ್ತಿಗೆ ನಿಲ್ಲಿಸದೆ ನಾಲ್ಕೈದು ಸುತ್ತು ನಡೆಸಿ. ಬೇರೆಯದನ್ನು ಹಿಡಿಯಲಾಗದವರು ಇದು ಮೇಲು, ಅದು ಕೀಳು ಎಂದರೆ ಆ ಮಾತಿಗೆ ತೂಕವಿಲ್ಲ.

ಇದಕ್ಕೆ ಹೆಚ್ಚು ಬಿಯರ್ ಬೇಕಿಲ್ಲ, ಲೋಟಕ್ಕೆ ಎರಡು ಗುಟುಕು ಸಾಕು. 330 ಮಿಲಿಲೀಟರಿನ ಒಂದು ಲೆಫ್ ಬ್ರೂನ್ ಬಾಟಲಿಯಲ್ಲಿ ಸುಮಾರು 17 ಗ್ರಾಂ ಆಲ್ಕೋಹಾಲ್ ಇದೆ. ಸಿಹಿ ಅದನ್ನು ಮರೆಸುತ್ತದೆ, ದೇಹ ಮರೆಯುವುದಿಲ್ಲ. ಎರಡು ಬಾಟಲಿಯನ್ನು ಮೂರು ನಾಲ್ಕು ಜನ ಹಂಚಿಕೊಂಡರೆ ಪರೀಕ್ಷೆಯೂ ಚೆನ್ನಾಗಿ ನಡೆಯುತ್ತದೆ, ಯಾರ ನಾಲಿಗೆಯೂ ಮಂದವಾಗುವುದಿಲ್ಲ. ಮುಗಿಸಿ ಗಾಡಿ ಓಡಿಸುವ ಮಾತೇ ಬೇಡ.

ಲೆಫ್, ವೆಸ್ಟ್‌ಮಾಲೆ ಎರಡೂ ಪರಿಚಯವಾದ ಮೇಲೆ ಮುಂದಿನ ಹೆಜ್ಜೆಗೆ ಶೇ 8ರ ಸಿಂಟ್ ಬರ್ನಾರ್ಡಸ್ ಪ್ರಿಯೋರ್ ಸರಿಯಾದ ಆಯ್ಕೆ, ಶೇ 8ರದೇ ಆದ ಮಾರೆದ್ಸು ಬ್ರೂನ್ ಕೂಡ ಆದೀತು. ಮಾರೆದ್ಸು ಮಠದ ಹೆಸರಿನಲ್ಲಿ ಬಿಯರ್ ತಯಾರಿಸುತ್ತಿರುವುದು ಡುವೆಲ್ ಮೂರ್ಟ್‌ಗಾಟ್ ಕಂಪನಿ. ಲೆಫ್ ಪಕ್ಕ ಇಟ್ಟು ನೋಡಲು ಇದು ನ್ಯಾಯವಾದ ಜೋಡಿ, ಎರಡೂ ಮಠದ ಅನುಮತಿಯಿಂದ ಹೊರಗೆ ತಯಾರಾದವು. ರೋಶ್‌ಫೋರ್ 10 ಸಿಕ್ಕರೆ ಅದನ್ನು ಮಾತ್ರ ಬೇರೆ ದಿನಕ್ಕೆ ಎತ್ತಿಡಿ. ಅದರಲ್ಲಿ ಆಲ್ಕೋಹಾಲ್ ಶೇ 11.3. ಅದರ ನಂತರ ಯಾವ ಡುಬ್ಬೆಲ್ ಕುಡಿದರೂ ನೀರು ಬೆರೆಸಿದಂತೆ ಕಾಣುತ್ತದೆ, ಬರೆದ ಅಂಕವೆಲ್ಲ ತಪ್ಪುತ್ತದೆ.